ಅಂತರರಾಷ್ಟ್ರೀಯ ಮಹಿಳೆ

ಮೂರನೆಯ ತಪ್ಪನ್ನು ಎಲ್ಲಿ ಮಾಡಬೇಕೆಂಬುದು ಮಾತ್ರ ಇನ್ನೂ ತೀರ್ಮಾನವಾಗಿರಲಿಲ್ಲ.

ಮೊದಲನೆಯದು ಶುರುವಿನಲ್ಲೇ. ‘ಅಕ್ಕತಂಗಿಯರೇ’ ಎನ್ನುವ ಕಡೆ ‘ಅಕ್ಕಿತಂಗಿಯರೇ’ ಎಂದರೆ ಸಭೆ ಒಮ್ಮೆ ನಕ್ಕು ಹಗುರಾಗುತ್ತದೆ. ಎರಡನೆಯದು ಭಾವ ಮರುಳಪ್ಪನವರ ಕೊಬ್ಬರಿ ಮಂಡಿಯ ಮಾತು ಬಂದಾಗ. ಅದನ್ನು ಗೊಬ್ಬರದ ಮಂಡಿ ಎಂದುಬಿಟ್ಟರೆ ಎಲ್ಲರಿಗಿಂತ ಜೋರಾಗಿ ನಗುವವರು ಭಾವನವರೇ. ಆಮೇಲೆ ವಾರವೆಲ್ಲ ಮಂಡಿಗೆ ಬಂದವರ ಮುಂದೆ ಅದನ್ನೇ ಹೇಳಿಕೊಂಡು ಕೂತಿರುತ್ತಾರೆ. ಮೂರನೆಯದು ಕೊನೆಯಲ್ಲಿರಬೇಕು. ಜನ ಚಪ್ಪಾಳೆ ತಟ್ಟುವುದು ಅದಕ್ಕೇ.

ಅವಳು ಕನ್ನಡಿಯ ಮುಂದೆ ನಿಂತು ಸೆರಗಿಗೆ ಪಿನ್ನು ಹಾಕಿಕೊಳ್ಳುತ್ತ ಭಾಷಣವನ್ನು ಮನಸ್ಸಿನಲ್ಲೇ ಮತ್ತೊಂದು ಸಲ ಹೇಳಿಕೊಂಡಳು. ತಪ್ಪುಗಳನ್ನು ತೆಗೆದರೆ ಅದು ಒಳ್ಳೆಯ ಭಾಷಣ. ಆದರೆ ತಿಪಟೂರಿನಲ್ಲಿ ಯಾರಿಗೂ ಅವಳಿಂದ ಒಳ್ಳೆಯ ಭಾಷಣ ಬೇಕಾಗಿರಲಿಲ್ಲ.

ಅವಳ ಹೆಸರು ಯಾರ್ಮಿಲಾ. ಪ್ರಾಗ್‌ನಲ್ಲಿ ಧ್ವನಿಶಾಸ್ತ್ರ ಓದಿದವಳು. ಮನುಷ್ಯರ ನಾಲಿಗೆ ಯಾವ ಅಕ್ಷರಕ್ಕೆ ಬಾಯಿಯ ಯಾವ ಜಾಗವನ್ನು ತಾಗುತ್ತದೆ ಎಂಬುದನ್ನು ಚಿತ್ರ ಬರೆದು ಕಲಿತಿದ್ದಳು. ಅಲ್ಲಿಗೆ ರಸಾಯನಶಾಸ್ತ್ರ ಓದಲು ಬಂದಿದ್ದ ತೋಂಟದಾರ್ಯ ಸಿಕ್ಕಿದ, ಮದುವೆಯಾಯಿತು, ಅವನು ತನ್ನ ಊರಿನ ಕಾಲೇಜಿಗೆ ಮೇಷ್ಟ್ರಾಗಿ ಬಂದ, ಅವಳೂ ಬಂದಳು. ಮೊದಲ ವರ್ಷ ಅವಳು ತಪ್ಪು ಮಾತಾಡಿದ್ದು ನಿಜವಾಗಿಯೇ. ಅದನ್ನು ಕೇಳಲು ಬೀದಿಯ ಹೆಂಗಸರು ನೆಪ ಮಾಡಿಕೊಂಡು ಬರುತ್ತಿದ್ದರು. ಒಬ್ಬರು ಕರಿಬೇವು ಕೇಳಿಕೊಂಡು, ಇನ್ನೊಬ್ಬರು ಕೊಟ್ಟ ಲೋಟ ವಾಪಸು ಕೇಳಿಕೊಂಡು. ಅತ್ತೆ ಮೀನಾಕ್ಷಮ್ಮನವರು ಎಲ್ಲರಿಗೂ ಕಾಫಿ ಕೊಟ್ಟು, ಇವಳಿಗೆ ‘ಗಿರಿಜಾ, ಅದೇನೋ ಹೇಳಿದೆಯಲ್ಲ ನೆನ್ನೆ, ಇನ್ನೊಂದ್ಸಲ ಹೇಳು’ ಎನ್ನುತ್ತಿದ್ದರು.

ಎರಡನೆಯ ವರ್ಷ ಅವಳಿಗೆ ಳಕಾರವೂ ಬಂದುಬಿಟ್ಟಿತು. ಮೊದಲ ಬಾರಿಗೆ ಬಾಳೆಹಣ್ಣನ್ನು ಬಾಳೆಹಣ್ಣು ಎಂದಾಗ ಅತ್ತೆಯ ಮುಖದಲ್ಲಿ ಏನೋ ಆರಿಹೋದದ್ದನ್ನು ಅವಳು ಗಮನಿಸಿದಳು. ನೆರೆಯವರು ಬರುವುದು ಕಡಿಮೆಯಾಯಿತು. ಸರಿಯಾಗಿ ಕನ್ನಡ ಮಾತಾಡುವ ಹೆಂಗಸರು ಆ ಬೀದಿಯಲ್ಲಿ ಬೇಕಾದಷ್ಟಿದ್ದರು.

ಮೂರನೆಯ ವರ್ಷ ಅವಳು ತಪ್ಪು ಮಾತಾಡುವುದನ್ನು ಕಲಿತಳು. ಅದು ಸರಿಯಾಗಿ ಮಾತಾಡುವುದಕ್ಕಿಂತ ಕಷ್ಟವಾಗಿತ್ತು.

ಹೆಸರಿನದೂ ಇಂಥದೇ ಕಥೆ. ಅಲ್ಲಿ ತೋಂಟದಾರ್ಯ ಅವಳನ್ನು ಯಾರ್ಮಿ ಎಂದು ಕರೆಯುತ್ತಿದ್ದ. ಇಲ್ಲಿ ಮಹಡಿಯ ಮೇಲಿಂದ ಹಾಗೆ ಕೂಗಿದರೆ ಬೀದಿಯಲ್ಲಿ ಹೋಗುವವರು ನಿಂತು ತಲೆಯೆತ್ತಿ ನೋಡುವಂತಾಯಿತು. ಕಟ್ಟಿಕೊಂಡ ಹೆಂಡತಿಯನ್ನೇ ದಿನಾ ‘ಯಾರಮ್ಮಿ’ ಎಂದು ವಿಚಾರಿಸುತ್ತಾನಲ್ಲ ಈ ಮೇಷ್ಟ್ರು ಎಂದು ಜನ ಆಡಿಕೊಂಡರು. ಸ್ವಾಮಿಗಳಿಂದ ದೀಕ್ಷೆ ಕೊಡಿಸಿ ಗಿರಿಜಾಂಬಿಕಾ ಎಂದು ಹೆಸರಿಟ್ಟರು. ಪ್ರಶ್ನೆ ಅಲ್ಲಿಗೆ ನಿಂತಿತು.

ಅದು ಅಂತರರಾಷ್ಟ್ರೀಯ ಮಹಿಳಾ ವರ್ಷ. ಏನಾದರೂ ಮಾಡಲೇಬೇಕೆಂದು ಮೇಲಿನಿಂದ ಸುತ್ತೋಲೆ ಬಂದಿತ್ತು. ತಾಲ್ಲೂಕಿನಲ್ಲಿ ಮಹಿಳೆಯರ ಕೊರತೆಯಿರಲಿಲ್ಲ. ಅಂತರರಾಷ್ಟ್ರೀಯ ಎನ್ನಬಹುದಾದವಳು ಮಾತ್ರ ಇವಳೊಬ್ಬಳೇ. ಮಹಿಳಾ ಸಮಾಜದವರು ಸನ್ಮಾನ ಇಟ್ಟುಕೊಂಡರು. ಬೆಂಗಳೂರಿನಿಂದ ಯಾರೋ ದೊಡ್ಡ ಅಧಿಕಾರಿಣಿ ರೈಲಿನಲ್ಲಿ ಬರುವವರಿದ್ದರು. ಶಾಮಿಯಾನದ ಖರ್ಚು ಮರುಳಪ್ಪನವರದು. ಅತ್ತೆ ಬೆಳಿಗ್ಗೆಯೇ ಮುಂದಿನ ಸಾಲಿನ ಕುರ್ಚಿ ಹಿಡಿಯಲು ಹೋಗಿಯಾಗಿತ್ತು.

ತೋಂಟದಾರ್ಯ ಬಾಗಿಲಲ್ಲಿ ನಿಂತು ಸ್ಕೂಟರಿನ ಕೀಲಿ ಅಲ್ಲಾಡಿಸುತ್ತಿದ್ದ. ಸ್ಟೇಷನ್ನಿಗೆ ಹೋಗಿ ಅಧಿಕಾರಿಣಿಯನ್ನು ಕರೆತರುವುದು ಅವನ ಪಾಲಿಗೆ ಬಂದಿತ್ತು.

“ಭಾಷಣ ರೆಡಿನಾ?”

“ರೆಡಿ.”

“ತುಂಬ ಚೆನ್ನಾಗಿ ಮಾತಾಡಬೇಡ.”

ಅವಳು ತಿರುಗಿದಳು. “ಯಾಕೆ?”

“ಹಾಗಲ್ಲ.” ಅವನು ವಾಚು ನೋಡಿಕೊಂಡ. “ಜನಕ್ಕೆ ಖುಷಿಯಾಗಬೇಕು, ಅಷ್ಟೇ. ನೀನು ಯಾವಾಗಲೂ ಮಾತಾಡ್ತೀಯಲ್ಲ, ಹಾಗೇ ಮಾತಾಡು.”

ಸ್ಕೂಟರು ಸ್ಟಾರ್ಟಾದ ಸದ್ದು ಕೇಳಿತು. ಬೀದಿಯ ತಿರುವಿನಲ್ಲಿ ಕರಗಿತು.

ಅವಳು ಕನ್ನಡಿಯ ಮುಂದೆಯೇ ನಿಂತಿದ್ದಳು. ತಪ್ಪುಗಳು ತನ್ನೊಬ್ಬಳ ಗುಟ್ಟು ಎಂದು ಇಷ್ಟು ದಿನ ಅಂದುಕೊಂಡಿದ್ದಳು. ಇಡೀ ಊರನ್ನು ಬೆರಳಲ್ಲಿ ಆಡಿಸುತ್ತಿದ್ದೇನೆ ಎಂಬ ಒಂದು ಕಳ್ಳ ಖುಷಿ ಅವಳಿಗಿತ್ತು. ಅದೊಂದೇ ಸ್ವಂತ ಆಸ್ತಿಯಾಗಿತ್ತು. ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ನಗುವವರ ಜೊತೆ ಕೂತು ನಗುತ್ತಿದ್ದ. ಎಂದಿನಿಂದ ಗೊತ್ತಿತ್ತು ಎಂದು ಕೇಳೋಣವೆಂದರೆ ಸ್ಕೂಟರು ಹೋಗಿತ್ತು.

ಮನೆಗೆ ಬೀಗ ಹಾಕಿ ಹೊರಟಳು.

ಸಮಾಜದ ಕಟ್ಟಡ ಇದ್ದದ್ದು ಬಸ್‌ಸ್ಟ್ಯಾಂಡಿನ ಹಿಂದುಗಡೆ. ದಾರಿಯಲ್ಲಿ ಸಿಕ್ಕಿದವರೆಲ್ಲ ನಕ್ಕರು, ಅವಳೂ ನಕ್ಕಳು. ಔಷಧಿ ಅಂಗಡಿಯವರು ಎದ್ದು ನಿಂತು, ಇವತ್ತು ಭಾಷಣವಂತೆ ಎಂದು ವಿಚಾರಿಸಿದರು. ಅವಳು ‘ಹೌದು, ಬಾಸನ’ ಎಂದಳು. ಅವರಿಗೆ ಸಂತೋಷವಾಯಿತು. ಆ ಊರಿನಲ್ಲಿ ಅರ್ಧಕ್ಕರ್ಧ ಜನ ಬಾಸನ ಎನ್ನುವವರೇ. ಅವಳ ಬಾಯಲ್ಲಿ ಬಂದರೆ ಮಾತ್ರ ಅದು ತಮಾಷೆ.

ಬಸ್‌ಸ್ಟ್ಯಾಂಡಿನ ಹತ್ತಿರ ಯಾರೋ ಅವಳ ಮಣಿಕಟ್ಟು ಹಿಡಿದುಕೊಂಡರು.

ಒಬ್ಬ ಮುದುಕಿ. ಕಂಕುಳಲ್ಲಿ ಬಟ್ಟೆಯ ಗಂಟು, ಇನ್ನೊಂದು ಕೈಯಲ್ಲಿ ಟಿಫನ್ ಕ್ಯಾರಿಯರ್. ಅವಳ ಕೈಯನ್ನು ಮೇಲೆ ಕೆಳಗೆ ತಿರುಗಿಸಿ, ಕಣ್ಣು ಕಿರಿದು ಮಾಡಿ ನೋಡಿದಳು. ಇದು ಯಾರ್ಮಿಲಾಳಿಗೆ ಹೊಸದಲ್ಲ. ಬಣ್ಣ ಅಂಟುತ್ತದೆಯೋ ಎಂದು ಮುಟ್ಟಿ ನೋಡುವವರು ಮೊದಮೊದಲು ಬಹಳ ಮಂದಿ ಇದ್ದರು. ಅವಳು ರೂಢಿಯಂತೆ ಮುಗುಳ್ನಗುತ್ತ ನಿಂತಳು.

ಮುದುಕಿ ನಗಲಿಲ್ಲ.

“ಯಾವಾಗ್ಲಿಂದ ಐತೆ ಮಗ?”

“ಏನು?”

“ಇದು.” ಮುದುಕಿ ಅವಳ ಕೈಯ ಮೇಲೆ ಹೆಬ್ಬೆರಳು ಎಳೆದಳು.

“ಹುಟ್ಟಿದಾಗಿನಿಂದ,” ಎಂದಳು.

“ಸಿವನೇ.” ಮುದುಕಿ ಅವಳ ಮುಖ ನೋಡಿದಳು, ತಲೆ ನೋಡಿದಳು. “ಕೂದ್ಲಿಗೂ ಹತ್ಬುಟ್ಟೈತಲ್ಲ ಮಗ. ಕಣ್ಣಿಗೂ ಇಳ್ದೈತೆ.”

ಆಗ ಅವಳಿಗೆ ಅರ್ಥವಾಯಿತು. ತೊನ್ನು ಎಂಬ ಮಾತು ಅವಳಿಗೆ ಗೊತ್ತಿತ್ತು. ಅತ್ತೆ ಅದನ್ನು ಧ್ವನಿ ತಗ್ಗಿಸಿ ಹೇಳುತ್ತಿದ್ದರು. ನಗು ಬಂತು, ಬಂದದ್ದು ಅರ್ಧಕ್ಕೇ ನಿಂತಿತು. ಬಂದು ಐದು ವರ್ಷವಾಗಿತ್ತು. ಅವಳನ್ನು ನೋಡಿ, ಅವಳಲ್ಲಿ ಪರದೇಶವನ್ನು ಕಾಣದಿದ್ದ ಮೊದಲ ಮನುಷ್ಯ ಪ್ರಾಣಿ ಈ ಮುದುಕಿ. ಇವಳಿಗೆ ಕಂಡದ್ದು ಇಲ್ಲಿಯದೇ ಒಂದು ಹೆಣ್ಣು, ಕಾಯಿಲೆ ಬಿದ್ದದ್ದು.

ಮುದುಕಿಯ ಹೆಸರು ಚಿಕ್ಕಗೌರಮ್ಮ. ನಾಚಿಕೊಳ್ಳಬೇಡವೆಂದಳು. ತನ್ನ ಸೊಸೆ ಲಕ್ಷ್ಮಿದೇವಮ್ಮನಿಗೂ ಇದೇ ಆಗಿದೆ, ಮುಖಕ್ಕೇ ಬಂದಿದೆ. ಹಾಲ್ಕುರಿಕೆ ದಾಟಿ ಒಂದು ತೋಟದಲ್ಲಿ ಕಲ್ಲಮ್ಮ ಎಂಬವಳು ಮದ್ದು ಹಾಕುತ್ತಾಳೆ, ಸೊಸೆಯನ್ನು ಅಲ್ಲೇ ಬಿಟ್ಟಿದ್ದೇನೆ, ಬುತ್ತಿ ತೆಗೆದುಕೊಂಡು ಹೋಗುತ್ತಿದ್ದೇನೆ ಎಂದಳು. ಇದೆಲ್ಲ ಹೇಳುವಾಗಲೂ ಮಣಿಕಟ್ಟು ಬಿಟ್ಟಿರಲಿಲ್ಲ.

“ನೀನೂ ಬಾ. ಇವತ್ತು ಭಾನ್ವಾರ, ಮದ್ದಾಕೋ ದಿನ. ಬಸ್ಸು ಹೊಂಡ್ತೈತೆ.”

ಕಟ್ಟಡದ ಕಡೆಯಿಂದ ಮೈಕು ಎರಡು ಸಲ ಕೆಮ್ಮಿತು. ಆಮೇಲೆ ಹೆಂಗಸಿನ ಧ್ವನಿಯೊಂದು, ನಮ್ಮೂರಿನ ಹೆಮ್ಮೆಯ ವಿದೇಶೀ ಸೊಸೆ ಶ್ರೀಮತಿ ಗಿರಿಜಾಂಬಿಕಾ ತೋಂಟದಾರ್ಯ ಅವರು ಇನ್ನೇನು ಆಗಮಿಸಲಿದ್ದಾರೆ ಎಂದು ಸಾರಿತು.

ಬಸ್ಸು ಹತ್ತಿದ್ದು ಅವಳಿಗೆ ತಿಳಿದದ್ದು ಹತ್ತಿ ಕೂತ ಮೇಲೆ.

ಕಂಡಕ್ಟರ್ ಅವಳನ್ನು ಕಂಡು ಟಿಕೆಟ್ಟಿನ ಕಟ್ಟು ಹಿಡಿದುಕೊಂಡೇ ನಿಂತುಬಿಟ್ಟ. ಅವನು ಕಾಲೇಜಿನಲ್ಲಿ ಒಂದು ವರ್ಷ ತೋಂಟದಾರ್ಯನ ಶಿಷ್ಯನಾಗಿದ್ದವನು.

“ಮೇಡಂ, ಫಂಕ್ಷನ್ನು ಇವತ್ತೇ ಅಲ್ವಾ?”

“ಹಾಲ್ಕುರಿಕೆ. ಎರಡು.”

“ಏನ್ಲಾ ನಿಂದು,” ಎಂದು ಚಿಕ್ಕಗೌರಮ್ಮ ಗದರಿದಳು. “ಕಾಯ್ಲೆ ಹೆಣ್ಮಗೀನ ಮ್ಯಾಡಮ್ಮು ಅಂತ ಆಡ್ಕಂಬ್ತೀಯ? ನಿಂಗ್ಯಾರೂ ಅಕ್ಕತಂಗೀರಿಲ್ವಾ?”

ಕಂಡಕ್ಟರ್ ಬಾಯಿ ತೆರೆದ. ಅವಳು ಅವನ ಕಡೆ ನೋಡಿ ಒಂದು ಕಣ್ಣು ಮಿಟುಕಿಸಿದಳು. ಅವನು ಬಾಯಿ ಮುಚ್ಚಿ ಟಿಕೆಟ್ಟು ಹರಿದುಕೊಟ್ಟು ಹಿಂದಕ್ಕೆ ಹೋದ. ಅಲ್ಲಿಂದ ತಿರುಗಿ ತಿರುಗಿ ನೋಡುತ್ತಿದ್ದ.

ತವರು ಯಾವುದು ಎಂದು ಮುದುಕಿ ಕೇಳಿದಳು. ಪಕ್ಕದಲ್ಲಿ ಹಾದುಹೋದ ಬಸ್ಸಿನ ಬೋರ್ಡು ಕಣ್ಣಿಗೆ ಬಿತ್ತು. ಮಾಯಸಂದ್ರ ಎಂದಳು. ಹೆಸರು ಗುರುಸಿದ್ದಮ್ಮ ಎಂದಳು. ಅದು ಅತ್ತೆಯ ಅತ್ತೆಯ ಹೆಸರು, ಗೋಡೆಯ ಮೇಲೆ ಫೋಟೋ ಇತ್ತು. ಸುಳ್ಳು ಇಷ್ಟು ಸಲೀಸಾಗಿ ಬರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಸುಳ್ಳಿನಲ್ಲಿ ಒಂದೂ ಉಚ್ಚಾರದ ತಪ್ಪಿರಲಿಲ್ಲ.

“ಅದ್ಕೇ ನಾಲ್ಗೆ ಒಂಥರಾ ಮಗುಚ್ತೈತೆ. ಮಾಯಸಂದ್ರದ ಕಡೆಯೋರು ಅಂಗೇಯ,” ಎಂದಳು ಚಿಕ್ಕಗೌರಮ್ಮ.

ಧ್ವನಿಶಾಸ್ತ್ರ ಓದಿದವಳು ಕಿಟಕಿಯಾಚೆ ನೋಡಿದಳು. ತೆಂಗಿನ ತೋಟಗಳು ಒಂದರ ಹಿಂದೆ ಒಂದು ಹಿಂದಕ್ಕೆ ಓಡುತ್ತಿದ್ದವು. ತನ್ನ ದೇಶದಲ್ಲಿ ಮರಗಳಿಗೆ ಕೊಂಬೆಗಳಿರುತ್ತವೆ ಎಂದು ಅವಳು ಒಮ್ಮೆ ಅತ್ತೆಗೆ ಹೇಳಿದ್ದಳು. ಇಲ್ಲಿಯ ಮರಕ್ಕೂ ಇರುತ್ತೆ, ಮಾವಿಗೆ, ಹುಣಿಸೆಗೆ ಎಂದು ಅತ್ತೆ ಮುನಿಸಿಕೊಂಡಿದ್ದರು.

“ಗಂಡ ಮಡಿಕ್ಕಂಡವ್ನಾ, ಬುಟ್ಟವ್ನಾ?”

“ಜೊತೆಯಲ್ಲೇ ಇದ್ದಾರೆ.”

“ಜೊತೇಲಿ ಕೂತು ಉಣ್ತಾನಾ?”

ಅವಳು ಯೋಚಿಸಿದಳು. ತೋಂಟದಾರ್ಯ ಅಣ್ಣನ ಜೊತೆ ಮೊದಲು ಊಟಕ್ಕೆ ಕೂರುತ್ತಾನೆ. ಅವಳು ಅತ್ತೆಯ ಜೊತೆ ಆಮೇಲೆ. ಪ್ರಾಗ್‌ನಲ್ಲಿ ಒಂದೇ ತಟ್ಟೆಯಲ್ಲಿ ತಿಂದದ್ದೂ ಉಂಟು.

“ಇಲ್ಲ.”

“ನಗ್ತಾ ಮಾತಾಡ್ತಾನಾ?”

“ಬೇರೆಯವರಿದ್ದಾಗ ನಗುತ್ತಾರೆ.”

ಮುದುಕಿ ತಲೆಯಾಡಿಸಿದಳು, ಇದೆಲ್ಲ ತನಗೆ ಗೊತ್ತಿದ್ದದ್ದೇ ಎಂಬಂತೆ. “ನೆಂಟ್ರು ಬಂದಾಗ ಒಳಿಕ್ಕೆ ಕಳ್ಸಿ ಬಾಗ್ಲಾಕ್ತಾರಾ?”

“ಇಲ್ಲಜ್ಜಿ. ಹೊರಗೆ ಕರೆದು ತೋರಿಸುತ್ತಾರೆ.”

“ತೋರುಸ್ತಾರಾ?”

“ಮಾತಾಡಿಸಿ ನಗುತ್ತಾರೆ. ಕಾಫಿ ಕೊಡುತ್ತಾರೆ.”

ಚಿಕ್ಕಗೌರಮ್ಮ ಟಿಫನ್ ಕ್ಯಾರಿಯರನ್ನು ಮಡಿಲಿಗೆ ಎಳೆದುಕೊಂಡಳು. ಆಮೇಲೆ ತನ್ನ ಮಗನ ವಿಷಯ ಹೇಳಿದಳು. ಲಕ್ಷ್ಮಿದೇವಮ್ಮನ ತುಟಿಯ ಪಕ್ಕ ಬಿಳುಪು ಕಾಣಿಸಿಕೊಂಡ ಮೇಲೆ ಅವನು ಅವಳ ಕಡೆ ಮುಖವೆತ್ತಿ ನೋಡಲಿಲ್ಲವಂತೆ. ತವರಿಗೆ ಕಳಿಸು ಎಂದನಂತೆ. ಮಗ ಬಿಟ್ಟ, ತಾನು ಬಿಡಲಿಲ್ಲ ಎಂದಳು. ಹೆಮ್ಮೆಯಿಂದ ಹೇಳಿದ್ದಲ್ಲ, ಬಾವಿಗೆ ಬಿದ್ದ ಬಿಂದಿಗೆಯನ್ನು ಎತ್ತಿದ್ದನ್ನು ಹೇಳುವ ಹಾಗೆ ಹೇಳಿದಳು.

ಯಾರ್ಮಿಲಾಳಿಗೆ ಆಗ ಮೊದಲ ಬಾರಿ ನಾಚಿಕೆಯಾಯಿತು. ಆಟ ಇಲ್ಲಿಗೆ ಸಾಕು ಎನಿಸಿತು. ಹಾಲ್ಕುರಿಕೆಯಲ್ಲಿ ಇಳಿದು ತೋಟದ ಕಾಲುದಾರಿ ಹಿಡಿದಾಗ ನಿಂತು, ತನಗೆ ತಿಳಿದ ಅತ್ಯಂತ ಸ್ಪಷ್ಟ ಕನ್ನಡದಲ್ಲಿ ಹೇಳಿದಳು.

“ಅಜ್ಜಿ, ನನಗೆ ಕಾಯಿಲೆಯಿಲ್ಲ. ನಾನು ಬೇರೆ ದೇಶದವಳು.”

ಚಿಕ್ಕಗೌರಮ್ಮ ಹಿಂತಿರುಗಿಯೂ ನೋಡಲಿಲ್ಲ. “ನಾನೂ ಬ್ಯಾರೆ ದೇಸದೋಳೇ ಕಣ್ಮಗ. ಅರಸೀಕೆರೆ ಸೀಮೆಯಿಂದ ಬಂದೋಳು. ಮದ್ಲು ಎಲ್ಡು ವರ್ಸ ಅಂಗೇ ಅನ್ಸೋದು.”

“ಆಮೇಲೆ?”

“ಆಮ್ಯಾಕೆ ಅರಸೀಕೆರೆಗೆ ಹೋದ್ರೂ ಅಂಗೇ ಅನ್ಸೋಕೆ ಸುರುವಾಯ್ತು.”

ಯಾರ್ಮಿಲಾ ಮತ್ತೆ ನಡೆದಳು. ಹೇಳಬೇಕಾದದ್ದನ್ನು ಹೇಳಿಯಾಗಿತ್ತು. ಸತ್ಯ ಹೇಳಿದರೆ ಸುಳ್ಳಿಗಿಂತ ಹೆಚ್ಚು ಒಳಗೆ ಸೇರಿಸಿಕೊಂಡುಬಿಡುವ ಈ ಮುದುಕಿಯ ಎದುರು ಇನ್ನೇನು ಮಾಡಬಹುದು ಎಂದು ತಿಳಿಯಲಿಲ್ಲ.

ಕಲ್ಲಮ್ಮನ ಮನೆ ತೋಟದ ನಡುವೆ ಇತ್ತು. ಜಗಲಿಯ ಮೇಲೆ ಟ್ರಾನ್ಸಿಸ್ಟರು ಹಾಡುತ್ತಿತ್ತು. ಕಲ್ಲಮ್ಮ ಅರೆಯುವ ಕಲ್ಲಿನ ಮುಂದೆ ಕೂತು ಯಾವುದೋ ಕಪ್ಪು ಬೀಜವನ್ನು ಅರೆಯುತ್ತ, ಹಾಡಿನ ಜೊತೆ ತಾನೂ ಗುನುಗುತ್ತಿದ್ದಳು. ಅಂಗಳದಲ್ಲಿ ಮರಗಳ ನೆರಳಿಲ್ಲದ ಕಡೆ ಚಾಪೆ ಹಾಸಿತ್ತು. ಅದರ ಮೇಲೆ ನಾಲ್ಕೈದು ಹೆಂಗಸರು. ಒಬ್ಬಳಿಗೆ ಕತ್ತಿಗೆ, ಒಬ್ಬಳಿಗೆ ಕೈಗೆ ಮದ್ದು ಮೆತ್ತಿತ್ತು.

ಚಿಕ್ಕಗೌರಮ್ಮ ಅವಳನ್ನು ಮುಂದಕ್ಕೆ ತಳ್ಳಿದಳು. ಕಲ್ಲಮ್ಮ ತಲೆಯೆತ್ತಿ ನೋಡಿ, ಎಲ್ಲಿಂದ ಎಲ್ಲಿಯವರೆಗೆ ಎಂದು ಕೇಳಿದಳು.

“ಪೂರ್ತಿ,” ಎಂದಳು ಚಿಕ್ಕಗೌರಮ್ಮ.

“ಪೂರ್ತಿಯಾ? ಪೂರ್ತಿ ಆದ್ರೆ ಅದೇ ಮೈಬಣ್ಣ ಆಯ್ತಲ್ಲ. ವಾಸಿ ಮಾಡಾಕೇನೈತೆ?”

ತರ್ಕ ಸರಿಯಾಗಿತ್ತು. ಯಾರ್ಮಿಲಾ ಹೊರಟುಬಿಡಲು ಅದು ಒಳ್ಳೆಯ ಸಂದರ್ಭವೂ ಆಗಿತ್ತು. ಆದರೆ ಚಿಕ್ಕಗೌರಮ್ಮ ಜಗಳಕ್ಕೆ ನಿಂತಳು. ವಯಸ್ಸಿನ ಹೆಣ್ಣು, ಬಂದೋರ ಮುಂದೆಲ್ಲ ತೋರಿಸಿ ನಗುವಂಥ ಮನೆಗೆ ಬಿದ್ದಿದೆ, ಅಷ್ಟು ದೂರದಿಂದ ಕರೆತಂದಿದ್ದೇನೆ ಎಂದಳು. ಕಲ್ಲಮ್ಮನಿಗೆ ಹಾಡು ಕೇಳಬೇಕಿತ್ತು. ಸರಿ, ಮುಖಕ್ಕೂ ಕೈಕಾಲಿಗೂ ಹಾಕುತ್ತೇನೆ, ಉಳಿದದ್ದು ಶಿವನಿಗೆ ಬಿಟ್ಟದ್ದು ಎಂದಳು.

ರೇಷ್ಮೆ ಸೀರೆ ಹಾಳಾಗುತ್ತದೆಂದು ಚಿಕ್ಕಗೌರಮ್ಮ ಗಂಟು ಬಿಚ್ಚಿ ಹಳೆಯ ನೂಲಿನ ಸೀರೆಯೊಂದನ್ನು ತೆಗೆದು ಅವಳ ತಲೆಯಿಂದ ಪಾದದವರೆಗೆ ರೇಷ್ಮೆ ಕಾಣದಂತೆ ಸುತ್ತಿದಳು. ಅಂಥದೇ ಇನ್ನೊಂದನ್ನು ಹೊದ್ದು ಚಾಪೆಯ ತುದಿಯಲ್ಲಿ ಕೂತಿದ್ದವಳು ಸ್ವಲ್ಪ ಸರಿದು ಜಾಗ ಕೊಟ್ಟಳು. ಅವಳೇ ಲಕ್ಷ್ಮಿದೇವಮ್ಮ. ಮುಖದ ಅರ್ಧ ಭಾಗ ನುಣ್ಣನೆಯ ಎಣ್ಣೆಗಪ್ಪು. ಇನ್ನರ್ಧ ಯಾರ್ಮಿಲಾಳ ಬಣ್ಣ.

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು.

“ನಿಮ್ಮನೆಯೋರು ಬಂದವ್ರಾ?” ಎಂದು ಲಕ್ಷ್ಮಿದೇವಮ್ಮ ಮೆಲ್ಲಗೆ ಕೇಳಿದಳು.

“ಇಲ್ಲ.”

“ನಮ್ಮೋರೂ ಇಲ್ಲ. ಮಾತೇ ಆಡಾಕಿಲ್ಲ. ಬೈಯಾಕೂ ಇಲ್ಲ,” ಎಂದಳು.

ಕಲ್ಲಮ್ಮ ಬಟ್ಟಲು ಹಿಡಿದುಕೊಂಡು ಬಂದಳು. ಮೊದಲು ಲಕ್ಷ್ಮಿದೇವಮ್ಮನಿಗೆ. ಬಿಳುಪು ಇದ್ದ ಕಡೆ ಇಲ್ಲದ ಕಡೆ ಎಂದು ನೋಡದೆ ಹಣೆಯಿಂದ ಗದ್ದದವರೆಗೆ ಒಂದೇ ಸಮ ಬಳಿದಳು. ಆಮೇಲೆ ಇವಳಿಗೆ. ಉರಿಯುತ್ತೆ, ಒಣಗುವ ತನಕ ಕಣ್ಣು ಬಿಡುವ ಹಾಗಿಲ್ಲ, ಬಾಯಿ ಬಿಡುವ ಹಾಗಿಲ್ಲ, ಬಿಟ್ಟರೆ ಮದ್ದು ಬಿರಿಯುತ್ತೆ ಎಂದು ಹೇಳಿ ಒಳಗೆ ಹೋದಳು. ಚಿಕ್ಕಗೌರಮ್ಮ ಕೈತೊಳೆಯಲು ತೋಟದ ಆಚೆಯ ಬಾವಿಗೆ ಹೋದಳು.

ಕಣ್ಣು ಮುಚ್ಚುವ ಮೊದಲು ಯಾರ್ಮಿಲಾ ತೊಡೆಯ ಮೇಲಿದ್ದ ತನ್ನ ಕೈಗಳನ್ನು ನೋಡಿಕೊಂಡಳು. ಕಂದು ಬಣ್ಣದ, ಯಾರದೂ ಆಗಬಹುದಾದ ಎರಡು ಕೈಗಳು. ಈ ಬಣ್ಣದಲ್ಲೇ ವೇದಿಕೆ ಹತ್ತಿ, ತಪ್ಪಿಲ್ಲದ ಕನ್ನಡದಲ್ಲಿ ಅಕ್ಕತಂಗಿಯರೇ ಎಂದರೆ ಹೇಗೆ? ಯಾರು ಈ ಹೆಂಗಸು, ಕೆಳಗಿಳಿಸಿ ಎನ್ನುತ್ತಾರೆ. ಅತ್ತೆಯೇ ಮೊದಲು ಎನ್ನುತ್ತಾರೆ. ನಗು ಬಂತು. ತುಟಿ ಬಿಗಿಹಿಡಿದಳು.

ಮೊದಲು ತಂಪಾಗಿದ್ದದ್ದು ಆಮೇಲೆ ಉರಿಯತೊಡಗಿತು. ಮುಚ್ಚಿದ ರೆಪ್ಪೆಯೊಳಗೆ ಬಿಸಿಲು ಕೆಂಪಗಿತ್ತು. ಉರಿಯನ್ನು ಮರೆಯಲು ಅವಳು ಬೇರೇನನ್ನಾದರೂ ನೆನೆಯೋಣವೆಂದು ಹೊರಟಳು. ಚಿಕ್ಕಂದಿನಲ್ಲಿ ಹಿಮದಲ್ಲಿ ಆಡಿ ಕೈ ಮರಗಟ್ಟಿಸಿಕೊಂಡು ಬಂದಾಗ ಅಮ್ಮ ಬೆರಳುಗಳನ್ನು ಉಜ್ಜುತ್ತ ಏನೋ ಹೇಳುತ್ತಿದ್ದಳು. ಅಡಿಗೆಮನೆ ನೆನಪಾಯಿತು. ಕಿಟಕಿಯ ಹಬೆ ನೆನಪಾಯಿತು. ಅಮ್ಮನ ಬಾಯಿ ಅಲ್ಲಾಡುವುದು ಕಾಣಿಸಿತು. ಮಾತು ಕೇಳಿಸಲು ಕಾದಳು.

‘ನಿಂಗೆ ಹೇಳಿದ್ರೆ ಗೊತ್ತಾಗಲ್ವೇನೇ,’ ಎಂದಳು ಅಮ್ಮ. ಮೀನಾಕ್ಷಮ್ಮನವರ ಧ್ವನಿಯಲ್ಲಿ.

ಅವಳು ಗಾಬರಿಯಿಂದ ಮತ್ತೆ ಮೊದಲಿನಿಂದ ನೆನೆದಳು. ಹಿಮ, ಅಡಿಗೆಮನೆ, ಹಬೆ. ಅಮ್ಮ ಮತ್ತೆ ಕನ್ನಡದಲ್ಲೇ ಬೈದಳು. ಆ ಊರಿಗೂ ಈ ಊರಿಗೂ ನಡುವೆ ಇದ್ದದ್ದು ಅಮ್ಮನ ಭಾಷೆಯ ಒಂದೇ ಒಂದು ವಾಕ್ಯ; ಅದೂ ಯಾವಾಗಲೋ ಕೈಬಿಟ್ಟು ಹೋಗಿತ್ತು. ಮದ್ದಿನ ಕೆಳಗೆ ಅವಳ ಮುಖ ಸುಡುತ್ತಿತ್ತು.

ದೂರದಲ್ಲಿ ಸ್ಕೂಟರಿನ ಸದ್ದಾಯಿತು.

ಬಸ್ಸು ಊರಿಗೆ ಮರಳಿದಾಗ ಕಂಡಕ್ಟರ್ ಹೇಳಿರಬೇಕು. ಹಾಲ್ಕುರಿಕೆಯಲ್ಲಿ ಯಾರನ್ನು ಕೇಳಿದರೂ ತೋಟ ತೋರಿಸುತ್ತಾರೆ. ಸ್ಕೂಟರು ನಿಂತಿತು. ಒಣಗಿದ ಗರಿಗಳ ಮೇಲೆ ಬೂಟಿನ ಹೆಜ್ಜೆಗಳು ಹತ್ತಿರವಾದವು. ಆ ಕೆಮ್ಮು ಅವಳಿಗೆ ಗೊತ್ತಿತ್ತು. ಏನು ಹೇಳಬೇಕೆಂದು ತಿಳಿಯದಾಗ ತೋಂಟದಾರ್ಯ ಹಾಗೆ ಕೆಮ್ಮುತ್ತಾನೆ.

ಹೆಜ್ಜೆಗಳು ಸಾಲಿನ ಆ ತುದಿಯಿಂದ ಈ ತುದಿಗೆ ಬಂದು ನಿಂತವು. ಮುಖಕ್ಕೆ ಮದ್ದು ಹಾಕಿಸಿಕೊಂಡು ಕೂತವರು ಇಬ್ಬರೇ. ಜಗಲಿಯ ಮೇಲೆ ಟ್ರಾನ್ಸಿಸ್ಟರು ರೈತರಿಗೆ ಏನೋ ಸಲಹೆ ಕೊಡುತ್ತಿತ್ತು.

“ಗಿರಿಜಾ,” ಎಂದ ಅವನು.

ಧ್ವನಿ ಅವಳ ಕಡೆಗೆ ಬರಲಿಲ್ಲ. ಪಕ್ಕಕ್ಕೆ ಹೋಯಿತು.

“ಏಳು. ಎಲ್ಲರೂ ಕಾಯ್ತಾ ಇದ್ದಾರೆ. ಅಮ್ಮ ಅಳ್ತಾ ಕೂತಿದ್ದಾರೆ.”

ಇಲ್ಲಿದ್ದೇನೆ ಎನ್ನಲು ಒಂದು ಮಾತು ಸಾಕಿತ್ತು. ಬಾಯಿ ಬಿಡಬಾರದು ಎಂದು ಕಲ್ಲಮ್ಮ ಹೇಳಿದ್ದಳು. ಅದೊಂದು ನೆಪವೆಂದು ಅವಳಿಗೆ ಗೊತ್ತಿತ್ತು. ಮುಂದೇನು ಹೇಳುತ್ತಾನೋ ಕೇಳೋಣ ಎನಿಸಿತು. ಅವಳು ರೆಪ್ಪೆಗಳನ್ನು ಕೂದಲೆಳೆಯಷ್ಟು ಬಿಟ್ಟಳು. ತೋಂಟದಾರ್ಯ ಲಕ್ಷ್ಮಿದೇವಮ್ಮನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ಕಾರ್ಯಕ್ರಮಕ್ಕೆಂದು ಹಾಕಿದ್ದ ಕ್ರೀಮ್ ಬಣ್ಣದ ಶರಟು ಬೆನ್ನಿಗೆ ಅಂಟಿತ್ತು.

“ಬೆಳಿಗ್ಗೆ ನಾನು ಹಾಗೆ ಹೇಳಬಾರದಿತ್ತು.” ಅವನು ಧ್ವನಿ ತಗ್ಗಿಸಿದ. ಅಂಥ ಮೆತ್ತಗಿನ ಧ್ವನಿಯನ್ನು ಅವಳು ಕೇಳಿ ವರ್ಷಗಳಾಗಿದ್ದವು. “ನೀನು ಎಷ್ಟು ಚೆನ್ನಾಗಿ ಮಾತಾಡ್ತೀಯ ಅಂತ ನನಗೆ ಗೊತ್ತು. ನಿದ್ದೇಲಿ ಮಾತಾಡ್ತೀಯಲ್ಲ, ಒಂದು ತಪ್ಪೂ ಇರಲ್ಲ. ನಾನು ಎದ್ದು ಕೂತು ಕೇಳ್ತಿರ್ತೀನಿ.”

ಲಕ್ಷ್ಮಿದೇವಮ್ಮ ಅಲುಗಾಡಲಿಲ್ಲ. ಕಣ್ಣು ಮುಚ್ಚಿಕೊಂಡು ನೆಟ್ಟಗೆ ಕೂತಿದ್ದಳು, ಫೋಟೋಗೆ ಕೂತವರ ಹಾಗೆ.

“ಬಾ. ಭಾಷಣ ಬೇಡ. ಸುಮ್ಮನೆ ನನ್ನ ಪಕ್ಕ ಕೂತ್ಕೊ.”

ಆಗ ಲಕ್ಷ್ಮಿದೇವಮ್ಮನ ಮುಚ್ಚಿದ ಕಣ್ಣಿನಿಂದ ನೀರು ಇಳಿಯಿತು. ಇನ್ನೂ ಹಸಿಯಾಗಿದ್ದ ಮದ್ದನ್ನು ಕೊಚ್ಚಿಕೊಂಡು ಕೆನ್ನೆಯ ಮೇಲೆ ಒಂದು ಗೆರೆ ಎಳೆಯಿತು. ಗೆರೆಯ ಅಡಿಯಲ್ಲಿ ಬೆಳ್ಳಗಿನ ಚರ್ಮ ಕಾಣಿಸಿತು.

ಅದನ್ನು ಕಂಡು ತೋಂಟದಾರ್ಯನಿಗೆ ಇದ್ದ ಅಷ್ಟಿಷ್ಟು ಅನುಮಾನವೂ ಹೋಯಿತು. ಅವನ ಭುಜಗಳು ಸಡಿಲಾದವು. ಜೇಬಿನಿಂದ ಕರ್ಚೀಫು ತೆಗೆದ.

ಯಾರ್ಮಿಲಾ ಗಟ್ಟಿಯಾಗಿ ನಕ್ಕುಬಿಡಬೇಕೆಂದಿದ್ದಳು. ತುಟಿಯ ತುದಿಯಲ್ಲಿ ಮದ್ದು ಚಿಟ್ಟೆಂದು ಬಿರಿಯಿತು. ನಗು ಬರಲಿಲ್ಲ. ಹೇಳಿದ್ದು ತನಗೇ, ಆದರೆ ಸಿಕ್ಕಿದ್ದು ಪಕ್ಕದವಳಿಗೆ. ಈಗ ಬಾಯಿ ಬಿಟ್ಟರೆ ಪಕ್ಕದವಳಿಂದ ಅದನ್ನು ಕಿತ್ತುಕೊಂಡ ಹಾಗೆ. ಬಿಡದಿದ್ದರೆ ಇನ್ನೆಂದೂ ಅದು ತನ್ನದಾಗುವುದಿಲ್ಲ. ಕರ್ಚೀಫು ಆ ಬಿಳಿಯ ಗೆರೆಯ ಹತ್ತಿರ ಹೋಗುತ್ತಿತ್ತು.

“ಬಿಸ್ಲು ಸರೀತು. ಎಲ್ಲಾ ತಿರೀಕ್ಕಳ್ರೀ,” ಎಂದು ಒಳಗಿನಿಂದ ಕಲ್ಲಮ್ಮ ಕೂಗಿದಳು.

ಚಾಪೆ ಸರಬರ ಎಂದಿತು. ಸಾಲಿಗೆ ಸಾಲೇ ಕೂತಲ್ಲಿಂದಲೇ ಬಿಸಿಲು ಬಂದ ಕಡೆ ತಿರುಗಿತು. ಲಕ್ಷ್ಮಿದೇವಮ್ಮ ಕಣ್ಣು ಮುಚ್ಚಿಕೊಂಡೇ ತಿರುಗಿದಳು. ಯೋಚಿಸುವ ಮೊದಲೇ ಯಾರ್ಮಿಲಾಳೂ ತಿರುಗಿಬಿಟ್ಟಿದ್ದಳು. ಬಿಸಿಲು ನೇರವಾಗಿ ಮುಖದ ಮೇಲೆ ಬಿತ್ತು, ಉರಿ ಎರಡು ಪಟ್ಟಾಯಿತು.

ಬೆನ್ನ ಹಿಂದೆ ತೋಂಟದಾರ್ಯ ಮತ್ತೊಮ್ಮೆ ಹೆಸರು ಹಿಡಿದು ಕರೆದ. ಮಾಸಿದ ಸೀರೆ ಹೊದ್ದ ಬೆನ್ನುಗಳಲ್ಲಿ ಒಂದೂ ತಿರುಗಲಿಲ್ಲ.